ಒಂದೇ ಸೂರಿನಡಿ ನೀರಿನ ಲೆಕ್ಕ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಮನೆಯನ್ನು ಬಾಡಿಗೆಗೆ ಕೊಟ್ಟವರೂ ಅನೇಕರು, ಬಾಡಿಗೆಗೆ ಇರುವವರೂ ಅನೇಕರು. ಮೂವತ್ತು-ನಲವತ್ತರ ನಿವೇಶನ; ಕೆಳಗೆ ಮಾಲೀಕರು, ಮೇಲಿನ ಎರಡು ಮೂರು ಅಂತಸ್ತುಗಳಲ್ಲಿ ಬಾಡಿಗೆದಾರರು. ಎಲ್ಲರಿಗೂ ನೆಲದಡಿಯಲ್ಲಿ ಒಂದೇ ಸಂಪು, ತಾರಸಿಯ ಮೇಲೆ ಒಂದೇ ಟ್ಯಾಂಕು, ಜಲಮಂಡಳಿಯದು ಒಂದೇ ಮೀಟರು. ಬಂದ ಬಿಲ್ಲನ್ನು ಮನೆಗಳ ಸಂಖ್ಯೆಯಿಂದ ಭಾಗಿಸುವುದು, ಇಲ್ಲವೇ ಬಾಡಿಗೆಯ ಜೊತೆಗೆ ನೀರಿಗೆಂದು ಗೊತ್ತುಪಡಿಸಿದ ಮೊತ್ತವೊಂದನ್ನು ಪಡೆಯುವುದು ರೂಢಿ. ಇದನ್ನು ಕೈಬಿಟ್ಟು ಪ್ರತಿ ಮನೆಗೂ ಬೇರೆ ಬೇರೆ ಮೀಟರು ಹಾಕಿಸಬೇಕೇ ಎಂಬ ಪ್ರಶ್ನೆ ಈಗ ಹಲವು ಮನೆಗಳಲ್ಲಿ ಎದ್ದಿದೆ. ಮೇಲ್ನೋಟಕ್ಕೆ ಇದು ಕೊಳಾಯಿ ರಿಪೇರಿಯವನಿಗೆ ಸಂಬಂಧಿಸಿದ ವಿಷಯ. ಆದರೆ ಒಂದೇ ಸೂರಿನಡಿ ಬಾಳುವವರ ನಡುವಣ ನ್ಯಾಯದ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ನಮ್ಮ ನಲ್ಲಿಗೆ ಬರುವ ನೀರಿನ ಹಿನ್ನೆಲೆಯನ್ನು ಒಮ್ಮೆ ನೆನೆಯುವುದು ಉಚಿತ. 1896ರಲ್ಲಿ ಹೆಸರಘಟ್ಟದಿಂದ, ಅನಂತರ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದ ಅರ್ಕಾವತಿಯ ನೀರು ನಗರಕ್ಕೆ ಹರಿಯಿತು. ಆ ನದಿ ಸೊರಗಿದ ಮೇಲೆ ನಗರವು ಕಾವೇರಿಯನ್ನೇ ನೆಚ್ಚಬೇಕಾಯಿತು. 1974ರಲ್ಲಿ ಆರಂಭವಾದ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಡುವ ಈ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿಸಬೇಕು. ನಲ್ಲಿ ತಿರುಗಿಸಿದೊಡನೆ ಬೀಳುವ ಒಂದು ಬಿಂದಿಗೆ ನೀರಿನ ಹಿಂದೆ ಇಷ್ಟು ವಿದ್ಯುತ್ತೂ ಶ್ರಮವೂ ಇವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಜಲಮಂಡಳಿ ಪ್ರಕಟಿಸಿದ್ದನ್ನು ಯಾರೂ ಮರೆತಿರಲಾರರು.

ಜಲಮಂಡಳಿಯ ದರವು ಏಣಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದು. 2014ರಲ್ಲಿ ಗೊತ್ತುಪಡಿಸಿದ ಗೃಹಬಳಕೆಯ ದರದಲ್ಲಿ ಮೊದಲ 8,000 ಲೀಟರಿಗೆ ಸಾವಿರ ಲೀಟರೊಂದಕ್ಕೆ 7 ರೂಪಾಯಿಯಾದರೆ, 25,000 ಲೀಟರಿನವರೆಗೆ 11, 50,000ದವರೆಗೆ 26, ಅದಕ್ಕೂ ಮೀರಿದರೆ 45 ರೂಪಾಯಿ ಇತ್ತು. 2025ರ ಏಪ್ರಿಲ್‌ನಲ್ಲಿ ದರ ಹೆಚ್ಚಿತಾದರೂ ಹೆಚ್ಚು ಬಳಸಿದವರು ಹೆಚ್ಚು ದರ ತೆರಬೇಕೆಂಬ ತತ್ತ್ವ ಬದಲಾಗಲಿಲ್ಲ. ತತ್ತ್ವವೇನೋ ಸರಿಯೇ. ಆದರೆ ಬಿಲ್ಲನ್ನು ನಾಲ್ಕು ಮನೆಗಳಿಗೆ ಸಮನಾಗಿ ಹಂಚಿದಾಗ ಅದರ ಉದ್ದೇಶವೇ ಕೆಡುತ್ತದೆ. ಒಬ್ಬರ ದುಂದಿನಿಂದ ಇಡೀ ಕಟ್ಟಡದ ಬಳಕೆ ಮೇಲಿನ ಮೆಟ್ಟಿಲಿಗೆ ಏರಿದರೆ ಆ ದುಬಾರಿ ನೀರಿನ ಮುಕ್ಕಾಲು ಪಾಲು ಹಣವನ್ನು ತೆರುವವರು ಉಳಿದ ಮೂವರು. ಬಟ್ಟೆ ಹಿಂಡಿದ ನೀರನ್ನು ಬಚ್ಚಲು ತೊಳೆಯಲು ಎತ್ತಿಡುವ ಗೃಹಿಣಿಗೆ ಅದರಿಂದ ನಯಾಪೈಸೆಯ ಉಳಿತಾಯವಿಲ್ಲ. ಸೋರುವ ನಲ್ಲಿಯನ್ನು ತಿಂಗಳುಗಟ್ಟಲೆ ಬಿಟ್ಟವರಿಗೆ ನಷ್ಟವೂ ಇಲ್ಲ. ಹೀಗಿರುವಾಗ ಮಿತವ್ಯಯದ ಉಪದೇಶವನ್ನು ಯಾರು ಕೇಳಿಯಾರು?

ಆದಕಾರಣ ಮೀಟರು ಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಇದಕ್ಕೆ ಬರುವ ಆಕ್ಷೇಪಗಳು ತಳ್ಳಿಹಾಕುವಂಥವಲ್ಲ.

ನೀರು ದೇವರ ಕೊಡುಗೆ, ಅದನ್ನು ಅಳೆದು ಹಣ ಕೇಳುವುದು ಸಲ್ಲದು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಶುದ್ಧವಾದ ಕುಡಿಯುವ ನೀರು ಪ್ರತಿಯೊಬ್ಬ ಮಾನವನ ಮೂಲಭೂತ ಹಕ್ಕೆಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಸಾರಿದರು. ಅದೇ ಪತ್ರದಲ್ಲಿ ನೀರಿನ ದುಂದನ್ನೂ ಅವರು ಖಂಡಿಸಿದ್ದಾರೆಂಬುದನ್ನು ಗಮನಿಸಬೇಕು. ಹಕ್ಕು ಇರುವುದು ಬದುಕಲು ಬೇಕಾದಷ್ಟು ನೀರಿಗೆ. ನೆರೆಯವನ ಪಾಲನ್ನೂ ಚರಂಡಿಗೆ ಹರಿಸುವ ಹಕ್ಕು ಯಾರಿಗೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ನಗರಗಳಲ್ಲಿ ತಲೆಯೊಂದಕ್ಕೆ ದಿನಕ್ಕೆ 135 ಲೀಟರು ನೀರು ಬೇಕೆಂಬುದು ನಮ್ಮ ದೇಶದಲ್ಲಿ ಒಪ್ಪಿಕೊಂಡು ಬಂದಿರುವ ಅಳತೆ. ಈ ಲೆಕ್ಕದಲ್ಲಿ ಇಬ್ಬರಿರುವ ಮನೆಗೆ ತಿಂಗಳಿಗೆ 8,100 ಲೀಟರಾದರೆ ಆರು ಮಂದಿಯ ಮನೆಗೆ 24,300 ಲೀಟರಾಗುತ್ತದೆ. ವೃದ್ಧ ತಾಯ್ತಂದೆಯರನ್ನೂ ಮೂರು ಮಕ್ಕಳನ್ನೂ ಸಾಕುವವನು ಹೆಚ್ಚು ನೀರು ಬಳಸುವುದು ದುಂದಿನಿಂದಲ್ಲ, ಅಗತ್ಯದಿಂದ. ಮೀಟರು ಲೀಟರನ್ನು ಎಣಿಸುತ್ತದೆಯೇ ಹೊರತು ತಲೆಯನ್ನು ಎಣಿಸುವುದಿಲ್ಲ. ಹಾಸಿಗೆ ಹಿಡಿದ ರೋಗಿಯ ಬಟ್ಟೆ ಒಗೆದ ನೀರನ್ನೂ ಕಾರು ತೊಳೆದ ನೀರನ್ನೂ ಅದು ಒಂದೇ ಮುಳ್ಳಿನಿಂದ ತೋರಿಸುತ್ತದೆ. ಆದ್ದರಿಂದ ಮೀಟರು ಹಾಕಿಸಿದ ಮಾತ್ರಕ್ಕೆ ನ್ಯಾಯ ದೊರಕಿತೆಂದು ಭಾವಿಸಲಾಗದು. ಮೀಟರು ಸಾಕ್ಷಿ ಮಾತ್ರ. ತೀರ್ಪು ಕೊಡಬೇಕಾದವರು ಮನುಷ್ಯರೇ.

ಕೆಲಸದ ತೊಡಕುಗಳೂ ಇವೆ. ಹಳೆಯ ಮನೆಗಳಲ್ಲಿ ಅಡಿಗೆಮನೆಗೆ ಒಂದು, ಬಚ್ಚಲಿಗೆ ಒಂದು ಎಂದು ಟ್ಯಾಂಕಿನಿಂದ ಬೇರೆ ಬೇರೆ ಪೈಪುಗಳು ಇಳಿದಿರುತ್ತವೆ. ಅಂಥಲ್ಲಿ ಒಂದು ಮನೆಗೆ ಒಂದೇ ಮೀಟರು ಸಾಲದು. ಪೈಪುಗಳನ್ನು ಒಂದುಗೂಡಿಸಬೇಕು, ಇಲ್ಲವೇ ಎರಡು ಮೀಟರು ಹಾಕಬೇಕು. ಟ್ಯಾಂಕಿಗೆ ಸಮೀಪದ ಮೇಲಂತಸ್ತಿನಲ್ಲಿ ಮೊದಲೇ ಒತ್ತಡ ಕಡಿಮೆ; ಮೀಟರಿನಿಂದ ಅದು ಇನ್ನಷ್ಟು ಕುಗ್ಗಬಹುದು. ಕೊಳವೆಬಾವಿಯ ಗಡಸು ನೀರಿನಿಂದ ಒಳಗಿನ ಚಕ್ರಕ್ಕೆ ಸುಣ್ಣ ಕಟ್ಟುವುದೂ ಉಂಟು. ಎಲ್ಲವನ್ನೂ ನೋಡಿ, ಖರ್ಚನ್ನು ಮೊದಲೇ ಅಂದಾಜು ಮಾಡಿ ಮುಂದುವರಿಯುವುದು ವಿವೇಕ. ಆ ಖರ್ಚು ಮಾಲೀಕರದೇ ಆಗಿರಬೇಕು. ಏಕೆಂದರೆ ಬಾಡಿಗೆದಾರ ಹೋದ ಮೇಲೂ ಮೀಟರು ಆ ಮನೆಯಲ್ಲೇ ಉಳಿಯುತ್ತದೆ.

ಹಾಕಿಸಲು ನಿರ್ಧರಿಸಿದವರು ಕೆಲವು ಮಾತುಗಳನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ತಲೆಗೆ ಇಷ್ಟು ಲೀಟರೆಂದು ಎಲ್ಲರೂ ಒಪ್ಪಿ, ಅಷ್ಟಕ್ಕೆ ಕಡಿಮೆ ದರವನ್ನೂ ಅದನ್ನು ಮೀರಿದ್ದಕ್ಕೆ ಮಾತ್ರ ಹೆಚ್ಚಿನ ದರವನ್ನೂ ಇಟ್ಟುಕೊಂಡರೆ ದೊಡ್ಡ ಸಂಸಾರದವರಿಗೆ ಅನ್ಯಾಯವಾಗದು. ಮಾಲೀಕರ ಮನೆಗೂ ಮೀಟರು ಇರಲೇಬೇಕು. ಗಿಡಗಳಿಗೆ ಬಿಟ್ಟ ನೀರೂ ಅವರ ಲೆಕ್ಕಕ್ಕೆ ಸೇರಬೇಕು. ಜಲಮಂಡಳಿಯ ಬಿಲ್ಲನ್ನು ಎಲ್ಲರಿಗೂ ತೋರಿಸಬೇಕು. ನೀರಿನ ಬಾಬಿನಲ್ಲಿ ಮಾಲೀಕರಿಗೆ ಒಂದು ರೂಪಾಯಿಯೂ ಉಳಿಯಕೂಡದು. ಬಾಣಂತನ, ಕಾಯಿಲೆ, ಸಾವುನೋವುಗಳ ತಿಂಗಳಲ್ಲಿ ಹೆಚ್ಚಳವನ್ನು ಕೇಳದಿರುವುದು ಮನುಷ್ಯತ್ವ.

ಮೀಟರಿನಿಂದ ಇನ್ನೊಂದು ಪ್ರಯೋಜನವಿದೆ. ರಾತ್ರಿ ಮಲಗುವ ಮುನ್ನ ಎಲ್ಲ ನಲ್ಲಿಗಳನ್ನೂ ಮುಚ್ಚಿ ಅಂಕಿಯನ್ನು ಬರೆದಿಟ್ಟು, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿರಿ. ಅಂಕಿ ಮುಂದಕ್ಕೆ ಹೋಗಿದ್ದರೆ ಎಲ್ಲಿಯೋ ಸೋರಿಕೆ ಇದೆ ಎಂದೇ ಅರ್ಥ. ಶೌಚಾಲಯದ ಫ್ಲಶ್ ಟ್ಯಾಂಕನ್ನು ಮೊದಲು ಪರೀಕ್ಷಿಸಬೇಕು. ಮೀಟರಿನ ಮೇಲೆ ಅನುಮಾನವಿದ್ದರೆ ಇಪ್ಪತ್ತು ಲೀಟರಿನ ಕ್ಯಾನನ್ನು ಐದು ಬಾರಿ ತುಂಬಿಸಿ, ನೂರು ಲೀಟರು ಓಡಿದೆಯೇ ಎಂದು ನೋಡಿದರಾಯಿತು. ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ಸಂತೋಷದಿಂದ ಮಾಡುತ್ತಾರೆ, ನೀರಿನ ಬೆಲೆಯನ್ನೂ ಕಲಿಯುತ್ತಾರೆ.

ಮಹಡಿಯ ಮೆಟ್ಟಿಲ ಮೇಲೆ ನೀರಿನ ಮಾತಿಗೆ ಮಾತು ಬೆಳೆದು, ವರ್ಷಗಳ ಸ್ನೇಹ ಮುರಿದು, ಮನೆ ಖಾಲಿ ಮಾಡಿಸುವವರೆಗೆ ಹೋದ ಪ್ರಸಂಗಗಳು ನಮ್ಮ ಬಡಾವಣೆಗಳಲ್ಲಿ ಇಲ್ಲದಿಲ್ಲ. ಇಂಥ ಜಗಳಗಳ ಮೂಲವನ್ನು ಹುಡುಕಿದರೆ ನೀರಿನ ಕೊರತೆಗಿಂತ ಪರಸ್ಪರ ಸಂಶಯವೇ ಹೆಚ್ಚಾಗಿರುತ್ತದೆ. ಸರಿಯಾದ ಅಳತೆ ಆ ಸಂಶಯವನ್ನು ಕಳೆಯಬಲ್ಲದು; ಮನಸ್ಸಿನ ಧಾರಾಳತನವನ್ನು ಮಾತ್ರ ನಾವೇ ಸೇರಿಸಬೇಕು. ಬರುವ ಬೇಸಿಗೆಗೆ ಮೊದಲೇ ಮಾಲೀಕರೂ ಬಾಡಿಗೆದಾರರೂ ಒಂದು ಸಂಜೆ ಒಟ್ಟಿಗೆ ಕುಳಿತು ಈ ವಿಷಯವನ್ನು ತೀರ್ಮಾನಿಸಿಕೊಳ್ಳುವುದು ಲೇಸು.