ಹೆಬ್ಬೆಟ್ಟು ಒತ್ತಿ ಮರೆತ ನೋಟಿಸು

ಪೋಸ್ಟ್ ಸ್ವಲ್ಪ ಉದ್ದ ಇದೆ. ಉದ್ದದ್ದನ್ನ ಓದೋಕೆ ಆಗದೇ ಇರೋದೇ ಇವತ್ತಿನ ವಿಷಯ, ಅದಕ್ಕೆ ಕೊನೆವರೆಗೂ ಓದಿ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ನಮ್ಮ ಕಡೆಯ ಒಂದು ಊರಲ್ಲಿ ಕೇರಿಯವರ ಸ್ಮಶಾನದ ಜಾಗ ವರ್ಷದಿಂದ ವರ್ಷಕ್ಕೆ ಕರಗ್ತಾ ಬಂದಿದೆ. ಪಕ್ಕದ ಹೊಲದವರು ಪ್ರತಿ ಮಳೆಗಾಲ ಉಳುಮೆಯನ್ನ ಎರಡು ಹೆಜ್ಜೆ ಒಳಗೆ ತರ್ತಾರೆ. ಹೋದ ವರ್ಷ ಮನವಿ ಕೊಟ್ವಿ. ನಲವತ್ತು ಜನ, ಬ್ಯಾನರ್, ಘೋಷಣೆ, ಅಧಿಕಾರಿ ಕೈಗೆ ಮನವಿ ಕೊಡೋ ಫೋಟೋ. ಆ ಫೋಟೋಗೆ ಬಂದ ಲೈಕು, ಶೇರು ನೋಡಿ ಕೆಲಸ ಅರ್ಧ ಆಯ್ತು ಅಂದ್ಕೊಂಡ್ವಿ. ಎರಡು ತಿಂಗಳಾದ ಮೇಲೆ ಸರ್ವೆ ನೋಟಿಸು ಬಂತು. ಇಂಥ ದಿನ ಅಳತೆಗೆ ಬರ್ತೀವಿ, ಸಂಬಂಧಪಟ್ಟವರು ದಾಖಲೆ ಸಮೇತ ಹಾಜರಿರಬೇಕು ಅಂತ. ಊರಿನ ಹುಡುಗನೊಬ್ಬ ಅದನ್ನ ಫೋಟೋ ಹೊಡೆದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ. ನಾನು ನೋಡಿದೆ. ತಾರೀಕು ಓದಲಿಲ್ಲ. ಹೆಬ್ಬೆಟ್ಟಿನ ಚಿತ್ರ ಒತ್ತಿ ಮುಂದಕ್ಕೆ ಹೋದೆ. ನನ್ನ ಹಾಗೇ ಇನ್ನೂ ಹನ್ನೊಂದು ಜನ ಒತ್ತಿದ್ರು. ಸಂಘದವರು ನೋಡ್ಕೋತಾರೆ ಅಂತ ಊರವರು ಕೂಲಿಗೆ ಹೋದರು. ಅಳತೆ ದಿನ ನಮ್ಮ ಕಡೆಯಿಂದ ಅಲ್ಲಿದ್ದದ್ದು ಮೇಕೆ ಮೇಯಿಸೋಕೆ ಹೋಗಿದ್ದ ಒಬ್ಬ ಅಜ್ಜಿ ಮಾತ್ರ. ಮಹಜರಿಗೆ ಸಹಿ ಹಾಕಿದವರೆಲ್ಲ ಆ ಕಡೆಯವರೇ.

ನಮ್ಮ ತಾತಂದಿರು ಕಾಗದದಲ್ಲಿ ಏನಿದೆ ಅಂತ ಓದೋಕೆ ಬರದೆ ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಂಡರು. ನಾನು ಬಿಎ ಓದಿ, ಬೆಳಿಗ್ಗೆಯಿಂದ ಸಂಜೆವರೆಗೆ ಕಡತ ಓದೋ ಗುಮಾಸ್ತಿಕೆ ಮಾಡ್ಕೊಂಡು ಅದನ್ನೇ ಮಾಡಿದೆ.

ಇದು ನನ್ನೊಬ್ಬನ ಸೋಮಾರಿತನ ಅಲ್ಲ ಅಂತ ಆಮೇಲೆ ಓದಿ ತಿಳ್ಕೊಂಡೆ. ಅಮೆರಿಕದ ಗ್ಲೋರಿಯಾ ಮಾರ್ಕ್ ಅನ್ನೋ ಸಂಶೋಧಕಿ, ಕೆಲಸ ಮಾಡೋ ಜನ ಒಂದು ಪರದೆ ಮೇಲೆ ಎಷ್ಟು ಹೊತ್ತು ಗಮನ ನಿಲ್ಲಿಸ್ತಾರೆ ಅಂತ ಅಳೀತಾ ಬಂದವರು. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇದ್ದದ್ದು ಈಚೆಗೆ 47 ಸೆಕೆಂಡಿಗೆ ಇಳಿದಿದೆ. (ಮನುಷ್ಯನ ಗಮನ ಗೋಲ್ಡ್‌ಫಿಶ್‌ಗಿಂತ ಕಡಿಮೆ ಅಂತ ಓಡಾಡೋ ಫಾರ್ವರ್ಡ್ ನಂಬಬೇಡಿ, ಅದಕ್ಕೆ ಬುಡ ಇಲ್ಲ.) ಎಷ್ಟು ಬೆರಳಾಡಿಸಿದರೂ ಪುಟ ಮುಗಿಯದ ಹಾಗೆ ಮಾಡೋ ತಂತ್ರ 2006ರಲ್ಲಿ ಬಂತು. ಅದನ್ನ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ತಾನೇ ಪಶ್ಚಾತ್ತಾಪ ಪಟ್ಟ. ಹಾಗಾಗಿ ಬರೀ ಹುಡುಗರನ್ನ ಬೈಯೋದು ಬಿಡಿ ಅಣ್ಣಂದಿರೇ. ವಿಚಾರ ಸಂಕಿರಣದಲ್ಲಿ ವೇದಿಕೆ ಮೇಲೆ ಕೂತು ಫೋನ್ ನೋಡೋರು ಯಾರು ಅಂತ ಕೆಳಗೆ ಕೂತ ನಮಗೆ ಕಾಣಿಸುತ್ತೆ.

ಫೋನ್ ಬಿಸಾಕಿ ಅಂತಾನೂ ನಾನು ಹೇಳಲ್ಲ. ಮೊದಲೆಲ್ಲ ನಮ್ಮ ಸುದ್ದಿ ಬಂದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಈಗ ಕಟಿಂಗ್ ಶಾಪಲ್ಲಿ ನಮ್ಮ ಹುಡುಗನಿಗೆ ಕೂದಲು ಕತ್ತರಿಸಲ್ಲ ಅಂದ ವಿಡಿಯೋ ಸಂಜೆಗೆ ರಾಜ್ಯಕ್ಕೆಲ್ಲ ತಲುಪುತ್ತೆ, ಮಾರನೇ ದಿನ ತಹಶೀಲ್ದಾರ್ ಜೀಪು ಊರಿಗೆ ಬರುತ್ತೆ. ಅದು ಸಣ್ಣದಲ್ಲ. ಆದ್ರೆ ಜೀಪು ವಾಪಸ್ ಹೋದ ಮೇಲೆ?

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಗುಡಿಸಲುಗಳಿಗೆ ಬೆಂಕಿ ಇಟ್ಟದ್ದು 2014ರ ಆಗಸ್ಟ್ 28. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್ 24. ಹತ್ತು ವರ್ಷ. ಅವತ್ತು ನಮ್ಮೆಲ್ಲರ ವಾಲಲ್ಲೂ ಅದೇ ಸುದ್ದಿ. ಮುಂದಿನ ತಿಂಗಳೇ ಹೈಕೋರ್ಟಲ್ಲಿ ಬಹುತೇಕರಿಗೆ ಜಾಮೀನು ಆಯ್ತು. ಅದರ ಬಗ್ಗೆ ಎಷ್ಟು ಜನ ಬರೆದ್ರಿ? ನಾನಂತೂ ಬರೀಲಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ, ಚಾರ್ಜ್‌ಶೀಟ್ ಹಾಕಿದ ಮೇಲೆ ಸಾಧ್ಯವಾದಷ್ಟೂ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅನ್ನುತ್ತೆ. ಮುಗೀತಾ ಇಲ್ಲ ಅಂತ ಪ್ರತಿ ವಾಯಿದೆಗೂ ಹೋಗಿ ಕೇಳೋರು ಬೇಕಲ್ಲ.

ಎಲ್ಲಾ ಫೋನ್ ತಲೆಗೇ ಕಟ್ಟೋದೂ ಸರಿಯಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಸುಟ್ಟಾಗ ಯಾರ ಕೈಲೂ ರೀಲ್ಸ್ ಇರಲಿಲ್ಲ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಬೇಕಾದ ಸಾಕ್ಷಿಗೆ ಆರು ವರ್ಷ ಅಂದರೆ ಎಷ್ಟು ರಾತ್ರಿ ಅಂತ ಲೆಕ್ಕ ಹಾಕಿ. ಮರೆಯೋ ರೋಗ ನಮಗೆ ಮೊದಲೇ ಇತ್ತು. ಆಗ ಮರೆಯೋಕೆ ತಿಂಗಳುಗಳು ಬೇಕಾಗ್ತಿತ್ತು, ಈಗ ಮೂರು ದಿನ ಸಾಕು. ಜೊತೆಗೆ ಈಗ, ಶೇರ್ ಮಾಡಿದ್ದೀನಲ್ಲ ಅನ್ನೋ ಸಮಾಧಾನ ಬೇರೆ.

ಎದುರು ಪಾರ್ಟಿಯವರೂ ನಮ್ಮ ಹಾಗೇ ರೀಲ್ಸ್ ನೋಡ್ತಾರೆ. ಆದ್ರೆ ಅವರಿಗೆ ತಾರೀಕು ನೆನಪಿಸೋಕೆ ವಕೀಲರಿದ್ದಾರೆ, ಕಚೇರಿಯೊಳಗೆ ಪರಿಚಯದವರಿದ್ದಾರೆ. ದುಡ್ಡು ಅವರ ಪರವಾಗಿ ಗಮನ ಇಟ್ಟಿರುತ್ತೆ. ನಮಗೆ ನಮ್ಮ ಕಣ್ಣೇ ಗತಿ, ಅದನ್ನೂ ದಿನಾ ಮೂರು ತಾಸು ಪುಕ್ಕಟೆ ಒತ್ತೆ ಇಡ್ತಿದ್ದೀವಿ.

ಬಾಬಾಸಾಹೇಬರಿಗೆ ಲಾಹೋರಿನ ಸಂಘಟಕರು ಭಾಷಣ ಮಾಡೋಕೆ ಬಿಡದೇ ಇದ್ದಾಗ 1936ರಲ್ಲಿ ಅದನ್ನ ಸ್ವಂತ ಖರ್ಚಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ನಮ್ಮ ಓದು ಬಳಗದಲ್ಲಿ ಅದನ್ನ ಶುರು ಮಾಡಿ ಮೂರನೇ ಭಾನುವಾರ ನಾಲ್ಕೇ ಜನ. ಅವರ ಫೋಟೋಗೆ ಹಾಡು ಸೇರಿಸಿದ ಸ್ಟೇಟಸ್ ಮಾತ್ರ ಏಪ್ರಿಲ್ 14ಕ್ಕೆ ಎಲ್ಲರದ್ದೂ ಇತ್ತು, ನನ್ನದೂ.

ಸ್ಮಶಾನಕ್ಕೆ ಮರು ಅಳತೆ ಕೇಳಿ ಅರ್ಜಿ ಹಾಕಿದ್ದೀವಿ. ಈ ಸಲ ಫೋಟೋ ತೆಗೆಯಲಿಲ್ಲ, ಇನ್‌ವರ್ಡ್ ನಂಬರ್ ಬರ್ಕೊಂಡು ಬಂದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡಿದ್ದೀನಿ. ಒಂದೊಂದು ಪ್ರಕರಣಕ್ಕೆ ಒಂದೊಂದು ಪುಟ, ಮೇಲೆ ಜವಾಬ್ದಾರಿ ಹೊತ್ತವರ ಹೆಸರು, ಕೆಳಗೆ ತಾರೀಕುಗಳು. ಆ ಹೆಸರಿನವರು ಪ್ರತಿ ವಾಯಿದೆಗೂ ಹೋಗಬೇಕು, ಹೋಗಕ್ಕಾಗದಿದ್ರೆ ಇನ್ನೊಬ್ಬರನ್ನ ಒಪ್ಪಿಸಿ ಕಳಿಸಬೇಕು. ಸ್ಮಶಾನದ ಪುಟಕ್ಕೆ ನನ್ನ ಹೆಸರು ಬರೆದಿದ್ದೀನಿ. ನಮ್ಮ ತಾಲ್ಲೂಕಿನ ಇನ್ನೂ ಆರು ಪ್ರಕರಣಗಳ ಪುಟದಲ್ಲಿ ಹೆಸರಿಲ್ಲ. ತಗೊಳ್ಳೋರು ಇನ್‌ಬಾಕ್ಸಿಗೆ ಬನ್ನಿ. ದಯವಿಟ್ಟು ಇದಕ್ಕೂ ಹೆಬ್ಬೆಟ್ಟು ಒತ್ತಿ ಹೋಗಬೇಡಿ.