ಪೀಪಾಯಿ ಕಳ್ಳಿಗೆ ಎಷ್ಟು ನೀರು?

ಹೊಂಬಣ್ಣದ ಮುಳ್ಳು ಹೊತ್ತ ದುಂಡನೆಯ ಪೀಪಾಯಿ ಕಳ್ಳಿಯನ್ನು ನರ್ಸರಿಯಿಂದ ತಂದವರು ಅದಕ್ಕೂ ತುಳಸಿಗೆ ಹಾಕುವ ಹಾಗೆ ದಿನಾ ಒಂದು ಚೊಂಬು ನೀರು ಹಾಕುತ್ತಾರೆ. ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಒಳಗೆಲ್ಲ ಕೊಳೆತಿರುತ್ತದೆ. ಅತಿಯಾದ ಅಕ್ಕರೆಗೆ ಬಡಪಾಯಿ ಗಿಡ ಬಲಿ!

ಇದರ ತವರು ಮೆಕ್ಸಿಕೋ ದೇಶದ ಕೆರೆತಾರೊ, ಹಿಡಾಲ್ಗೊ ಪ್ರಾಂತ್ಯಗಳ ಒಣ ಕಣಿವೆಗಳು. ಮಳೆ ಬಂದಾಗ ಇದರ ಏಣುಗಳು ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ನೀರು ತುಂಬಿಕೊಳ್ಳುತ್ತವೆ, ಬರದಲ್ಲಿ ಕುಗ್ಗುತ್ತವೆ. ಮೈಮೇಲಿನ ಸೂಕ್ಷ್ಮ ರಂಧ್ರಗಳು ತೆರೆಯುವುದು ರಾತ್ರಿಯ ತಂಪಿನಲ್ಲಿ. ಹಾಗಾಗಿ ಹಗಲಲ್ಲಿ ನೀರು ಆವಿಯಾಗಿ ಪೋಲಾಗದು. ಇಂಥ ಜಿಪುಣನಿಗೆ ದಿನವೂ ನೀರೇಕೆ? 1990ರ ದಶಕದಲ್ಲಿ ಜಿಮಾಪಾನ್ ಅಣೆಕಟ್ಟಿನ ಹಿನ್ನೀರು ಇದರ ಕಾಡುನೆಲೆಯ ದೊಡ್ಡ ಭಾಗವನ್ನೇ ಮುಳುಗಿಸಿತು. ಇಂದು ಇದು ಅಳಿವಿನಂಚಿನ ಸಸ್ಯ. ಅಂಗಡಿಯಲ್ಲಿ ಬೀಜದಿಂದ ಬೆಳೆಸಿದ ಗಿಡವನ್ನೇ ಕೇಳಿ ಕೊಳ್ಳಿ.

ತಳದಲ್ಲಿ ತೂತಿರುವ ಮಣ್ಣಿನ ಕುಂಡ, ಅರ್ಧಕ್ಕರ್ಧ ದಪ್ಪ ಮರಳು ಬೆರೆಸಿದ ಮಣ್ಣು, ಒಳ್ಳೆಯ ಬಿಸಿಲು ಇದ್ದರಾಯಿತು. ಒಣ ಕಡ್ಡಿ ಚುಚ್ಚಿ ನೋಡಿ. ತಳದವರೆಗೂ ಒಣಗಿದ್ದರೆ ಮಾತ್ರ ನೀರು ಹಾಕಿ. ಮಳೆಗಾಲದಲ್ಲಿ ಸೂರಿನ ಕೆಳಗಿಡಿ. ಕುಂಡ ಬದಲಿಸುವಾಗ ಗಿಡಕ್ಕೆ ಹಳೆಯ ಪತ್ರಿಕೆ ಸುತ್ತಿ ಹಿಡಿಯಿರಿ. ಹಳದಿ ಹೂವಿಗೆ ಮಾತ್ರ ಅವಸರಪಡುವಂತಿಲ್ಲ. ಈಗ ಪ್ರೈಮರಿ ಓದುವ ಹುಡುಗ ಕಾಲೇಜು ಮುಗಿಸಿದರೂ ಅದು ಅರಳದಿರಬಹುದು.