ಪಾಂಡುರಂಗವೆಂಬ ಪಟ್ಟಣ

ಹಿಂದಿನ ಸಂಚಿಕೆಯಲ್ಲಿ ಕಾಂಬೋಜದೇಶದ ದೇವಾಲಯಗಳನ್ನು ಕುರಿತು ಬರೆದುದನ್ನು ಓದಿ, ಶಿವಮೊಗ್ಗೆಯ ತಾಯಿಯೊಬ್ಬರು ಕಾಗದವನ್ನು ಬರೆದಿರುವರು. ಅವರ ಮಗನೂ ಸೊಸೆಯೂ ಮುಂದಿನ ರಜೆಯಲ್ಲಿ ವಿಯೆಟ್ನಾಂ ದೇಶಕ್ಕೆ ಹೋಗುವ ಸನ್ನಾಹದಲ್ಲಿದ್ದು, ತಮ್ಮನ್ನೂ ಜೊತೆಗೆ ಬರಬೇಕೆಂದು ಬಲವಂತಪಡಿಸುತ್ತಿರುವರಂತೆ. "ಹನೋಯಿ, ಹಾಲಾಂಗ್ ಕೊಲ್ಲಿ, ಹೋ ಚಿ ಮಿನ್ಹ್ ನಗರ, ಇವನ್ನು ಎಲ್ಲರೂ ನೋಡಿ ಬರುತ್ತಾರೆ. ದೇವರು, ಪುರಾಣ ಎಂದು ಕಾಲ ಕಳೆದ ನನ್ನಂಥವಳಿಗೆ ಅಲ್ಲಿ ನೋಡತಕ್ಕುದು ಬೇರೆ ಏನಾದರೂ ಉಂಟೆ?" ಎಂಬುದು ಅವರ ಪ್ರಶ್ನೆ.

ಉಂಟು, ಬೇಕಾದಷ್ಟು ಉಂಟು. ಆ ದೇಶದ ಭೂಪಟವನ್ನು ಬಿಡಿಸಿಟ್ಟುಕೊಂಡು, ನಡುಭಾಗದಿಂದ ತೆಂಕಲಾಗಿ ಕಡಲ ಕರೆಯನ್ನು ಹಿಡಿದು ಬೆರಳನ್ನು ಸರಿಸಿದರೆ ತ್ರಾ ಕಿಯು, ಕ್ವೀ ನ್ಯೋನ್, ನ್ಯಾ ತ್ರಾಂಗ್, ಫಾನ್ ರಾಂಗ್ ಎಂಬ ಊರುಗಳು ಒಂದರ ಕೆಳಗೊಂದು ಸಿಕ್ಕುವುವು. ಹೆಸರುಗಳು ನಮ್ಮ ಕಿವಿಗೆ ಹೊಸವು. ಆದರೆ ಶಾಸನಗಳನ್ನು ಓದಿದ ವಿದ್ವಾಂಸರು ಈ ಎಡೆಗಳ ಪ್ರಾಚೀನ ನಾಮಗಳನ್ನು ಸಿಂಹಪುರ, ವಿಜಯ, ಕೌಠಾರ, ಪಾಂಡುರಂಗ ಎಂದು ಗುರುತಿಸಿರುವರು. ಇವೆಲ್ಲವೂ ಚಂಪಾರಾಜ್ಯಕ್ಕೆ ಸೇರಿದ್ದುವು. ರಾಜ್ಯವೆಂದರೆ ಒಬ್ಬನೇ ಅರಸನ ಆಳ್ವಿಕೆಯಲ್ಲ. ಕಣಿವೆಗೊಬ್ಬ ದೊರೆಯಂತೆ ಹಲವು ಸೀಮೆಗಳ ಕೂಟವದು. ಅದನ್ನು ಕಟ್ಟಿದವರು ಚಾಮ್ ಎಂಬ ಜನ. ಉತ್ತರದಿಂದ ವಿಯೆಟ್ನಾಮೀಯರು ಶತಮಾನಕ್ಕೊಂದು ಸೀಮೆಯಂತೆ ಒತ್ತಿಕೊಂಡು ಬಂದು, ಕಡೆಗೆ 1832ರಲ್ಲಿ ಮಿನ್ಹ್ ಮಾಂಗ್ ಚಕ್ರವರ್ತಿಯ ಕಾಲದಲ್ಲಿ ಪಾಂಡುರಂಗವನ್ನೂ ಸೇರಿಸಿಕೊಂಡರು. ರಾಜ್ಯ ಹೋಯಿತು, ಜನ ಹೋಗಲಿಲ್ಲ. 2019ರ ಜನಗಣತಿಯಂತೆ ವಿಯೆಟ್ನಾಮಿನಲ್ಲಿ ಸುಮಾರು 1,79,000 ಮಂದಿ ಚಾಮರು ಇದ್ದರು.

ಪಾಂಡುರಂಗವೆಂದೊಡನೆ ನಮ್ಮ ಗೃಹಿಣಿಯರ ಮನಸ್ಸು ಪಂಢರಾಪುರಕ್ಕೆ ಓಡುವುದು ಸಹಜ. ಆದರೆ ವಿಠಲನಿಗೂ ಈ ಪಟ್ಟಣಕ್ಕೂ ನಂಟನ್ನು ಕಲ್ಪಿಸತಕ್ಕುದಿಲ್ಲ. ಇಲ್ಲಿಯ ಅರಸರು ಬಹುಮಟ್ಟಿಗೆ ಶಿವಭಕ್ತರು. ಹೆಸರು ಚಾಮರ ಬಾಯಲ್ಲಿಯೂ ಬಳಿಕ ವಿಯೆಟ್ನಾಮೀಯರ ಬಾಯಲ್ಲಿಯೂ ಸವೆದು ಫಾನ್ ರಾಂಗ್ ಆಗಿರುವುದು. ಹೋ ಚಿ ಮಿನ್ಹ್ ನಗರದಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಸುಮಾರು 320 ಕಿಲೋಮೀಟರು ಹೋದರೆ ನಿಲ್ದಾಣ ಸಿಕ್ಕುವುದು. ಅದರ ಹೆಸರು ಥಾಪ್ ಚಾಮ್, ಎಂದರೆ ಚಾಮರ ಗೋಪುರ. ಮೂರು ವರ್ಷಗಳ ಹಿಂದೆ ನಾನು ಮಗಳ ಸಂಸಾರದೊಡನೆ ಅಲ್ಲಿ ಇಳಿದಾಗ ನಮ್ಮ ಚಿತ್ರದುರ್ಗದ ಕಡೆಗೆ ಬಂದೆವೋ ಎಂಬ ಭ್ರಮೆಯಾಯಿತು. ವಿಯೆಟ್ನಾಂ ಎಂದರೆ ಹಸುರು ಗದ್ದೆ, ಬಿಡದ ಮಳೆ ಎಂದು ತಿಳಿದವರಿಗೆ ಇದು ಬೇರೆಯೇ ಲೋಕ. ಆ ದೇಶದಲ್ಲೆಲ್ಲ ಮಳೆ ಅತಿ ಕಡಮೆ ಬೀಳುವ ಸೀಮೆಯಿದು. ಕಲ್ಲುಗುಡ್ಡ, ಕಳ್ಳಿ, ಕುರಿಮಂದೆ, ದ್ರಾಕ್ಷಿಯ ಚಪ್ಪರ.

ನಿಲ್ದಾಣಕ್ಕೆ ಹತ್ತಿರದಲ್ಲಿಯೇ ಒಂದು ಗುಡ್ಡ. ವಿಯೆಟ್ನಾಮೀ ಭಾಷೆಯಲ್ಲಿ ಅದಕ್ಕೆ ವೀಳ್ಯದೆಲೆಯ ಗುಡ್ಡವೆಂದು ಹೆಸರು. ಅದರ ನೆತ್ತಿಯ ಮೇಲೆ ಪೋ ಕ್ಲಾಂಗ್ ಗರಾಯ್ ದೇವಾಲಯವಿರುವುದು. ಮೂರನೆಯ ಜಯಸಿಂಹವರ್ಮನು ಇದನ್ನು ಹದಿಮೂರನೆಯ ಶತಮಾನದ ಕಡೆಯಲ್ಲಿ, ನಮ್ಮಲ್ಲಿ ಹೊಯ್ಸಳ ಮುಮ್ಮಡಿ ಬಲ್ಲಾಳನು ಪಟ್ಟಕ್ಕೆ ಬಂದ ಕಾಲದ ಆಸುಪಾಸಿನಲ್ಲಿ, ಕಟ್ಟಿಸಿದನೆಂದು ಹೇಳುವರು. ಈ ಅರಸನ ಕಥೆಯನ್ನು ಇಲ್ಲಿಯೇ ಹೇಳಿಬಿಡುವೆನು. ಅವನು 1306ರಲ್ಲಿ ಹ್ವಿಯೆನ್ ತ್ರಾನ್ ಎಂಬ ವಿಯೆಟ್ನಾಂ ರಾಜಕುಮಾರಿಯನ್ನು ಮದುವೆಯಾಗಿ, ಕನ್ಯಾಶುಲ್ಕವಾಗಿ ಎರಡು ಸೀಮೆಗಳನ್ನು ಬಿಟ್ಟುಕೊಟ್ಟನು. ಮರುವರ್ಷವೇ ತೀರಿಕೊಂಡನು. ಅಲ್ಲಿಯ ಪದ್ಧತಿಯಂತೆ ರಾಣಿಯು ಚಿತೆಯೇರಬೇಕಾಗುವುದೆಂದು ಅಂಜಿ, ತವರಿನವರು ಉಪಾಯದಿಂದ ಅವಳನ್ನು ಹಿಂದಕ್ಕೆ ಕರೆತಂದರೆಂದು ವಿಯೆಟ್ನಾಮೀಯರ ಚರಿತ್ರೆ ಹೇಳುವುದು. ರಾಣಿ ಹಿಂದಿರುಗಿದಳು, ಸೀಮೆಗಳು ಹಿಂದಿರುಗಲಿಲ್ಲ.

ಗುಡಿಯು ಕೆಂಪು ಇಟ್ಟಿಗೆಯದು. ಇಟ್ಟಿಗೆಗಳ ನಡುವೆ ಗಾರೆ ಕಣ್ಣಿಗೆ ಬೀಳದು. ಅಷ್ಟು ನಯವಾಗಿ ಕೂಡಿಸಿರುವರು. ಬಾಗಿಲಿನ ಮೇಲೆ ಆರು ತೋಳುಗಳ ಶಿವನು ನರ್ತಿಸುತ್ತಿರುವನು. ಒಳಗೆ ನಂದಿ, ಅದರ ಆಚೆಗೆ ಮುಖಲಿಂಗ. ಆ ಮುಖವು ಪೋ ಕ್ಲಾಂಗ್ ಗರಾಯ್ ಎಂಬ ಅರಸನದೆಂದು ಚಾಮರು ಪೂಜಿಸುವರು. ಅವರ ಪಾಲಿಗೆ ಶಿವನೂ ಆ ಅರಸನೂ ಬೇರೆಯಲ್ಲ. ಕಾಲುವೆ ತೋಡಿಸಿ ನೀರು ಕೊಟ್ಟ ದೊರೆಯೆಂದು ಅವರು ಅವನನ್ನು ನೆನೆಯುವರು. ಮಳೆಯಿಲ್ಲದ ಸೀಮೆಯಲ್ಲಿ ದೇವರಾಗುವುದಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಏನು ಬೇಕು?

ಚಾಮರ ಏಳನೆಯ ತಿಂಗಳ ಮೊದಲಲ್ಲಿ, ನಮ್ಮ ಲೆಕ್ಕಕ್ಕೆ ಸೆಪ್ಟೆಂಬರ್ ಕಡೆ ಅಥವಾ ಅಕ್ಟೋಬರಿನಲ್ಲಿ, ಇಲ್ಲಿ ಕಾತೇ ಹಬ್ಬ ನಡೆಯುವುದು. ದೇವರ ಉಡುಗೆಗಳನ್ನು ಬೆಟ್ಟದ ರಾಗ್ಲಾಯ್ ಜನರು ಕಾಪಾಡಿಟ್ಟಿದ್ದು, ಆ ದಿನಗಳಲ್ಲಿ ಮೆರವಣಿಗೆಯಿಂದ ತಂದು ಚಾಮರಿಗೆ ಒಪ್ಪಿಸುವರು. ಬಳಿಕ ಬಾಗಿಲು ತೆರೆದು, ಮೂರ್ತಿಗೆ ಸ್ನಾನ ಮಾಡಿಸಿ, ಉಡುಗೆ ತೊಡಿಸುವರು. ಬಿಳಿಯ ಉಡುಪಿನ ಅರ್ಚಕರು ನೆಲದಲ್ಲಿ ಕುಳಿತಿರಲು, ಆಮೆಯ ಚಿಪ್ಪಿನಿಂದ ಮಾಡಿದ ಎರಡು ತಂತಿಗಳ ವಾದ್ಯವನ್ನು ನುಡಿಸುತ್ತ ಒಬ್ಬನು ದೇವರುಗಳ ಕಥೆಯನ್ನು ಹಾಡುವನು. ಅಭಿಷೇಕ, ಅಲಂಕಾರ, ನೈವೇದ್ಯ ಎಂದು ನನ್ನ ಮೊಮ್ಮಗಳಿಗೆ ಪಿಸುಮಾತಿನಲ್ಲಿ ವಿವರಿಸುತ್ತಿದ್ದೆನು. ಅವಳು ತಟ್ಟನೆ, "ತಾತ, ಅವರಿಗೆ ಇದಕ್ಕೆ ಬೇರೆ ಹೆಸರುಗಳಿಲ್ಲವೇ?" ಎಂದಳು. ಹನ್ನೊಂದು ವರ್ಷದ ಹುಡುಗಿಯ ಈ ಮಾತು ನನಗೆ ಬಹಳ ಯುಕ್ತವಾಗಿ ಕಂಡಿತು.

ಏಕೆಂದರೆ ಭಾರತೀಯ ಯಾತ್ರಿಕನಿಗೆ ಇಲ್ಲಿ ಒಂದು ಅಪಾಯವುಂಟು. ಸಂಸ್ಕೃತದ ನಾಲ್ಕಕ್ಷರ ಕಲಿತವನಿಗಂತೂ ಅದು ಇನ್ನೂ ಹೆಚ್ಚು. ಕಲ್ಲಿನ ಮೇಲೆ ಪರಿಚಿತ ನಾಮಗಳನ್ನು ಕಂಡೊಡನೆ "ಇದೆಲ್ಲ ನಮ್ಮದು, ನಮ್ಮವರು ಬಂದು ಕಟ್ಟಿದುದು" ಎಂದು ಎದೆಯುಬ್ಬುವುದು. ದೊಡ್ಡ ವಿದ್ವಾಂಸರೂ ಹೀಗೆಯೇ ಬರೆದಿರುವರು. ರಮೇಶಚಂದ್ರ ಮಜುಮದಾರರು 1927ರಲ್ಲಿ ಚಂಪಾದ ಶಾಸನಗಳನ್ನೆಲ್ಲ ಕಲೆಹಾಕಿ ಮಹೋಪಕಾರ ಮಾಡಿದರು. ಆದರೆ ಆ ಗ್ರಂಥವನ್ನು ಭಾರತದ ಪ್ರಾಚೀನ ವಸಾಹತುಗಳು ಎಂಬ ಮಾಲೆಯಲ್ಲಿ ಪ್ರಕಟಿಸಿದರು. ಈಗಿನ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಭಾರತದಿಂದ ದಂಡು ಹೋಗಿ ಚಂಪಾವನ್ನು ಗೆದ್ದಿತೆಂಬುದಕ್ಕೆ ಆಧಾರವಿಲ್ಲ. ವರ್ತಕರು ಹೋದರು, ಬ್ರಾಹ್ಮಣರೂ ಭಿಕ್ಷುಗಳೂ ಹೋದರು. ಚಾಮರು ತಮಗೆ ಬೇಕಾದುದನ್ನು ಆಯ್ದುಕೊಂಡರು.

ಇದನ್ನು ಕನ್ನಡಿಗರಿಗೆ ತಿಳಿಸಿಕೊಡುವುದು ಕಷ್ಟವಲ್ಲ. 450ರ ಸುಮಾರಿನ ನಮ್ಮ ಹಲ್ಮಿಡಿಯ ಕಲ್ಲನ್ನು ನೆನೆಯಿರಿ. ಮೊದಲಿಗೆ ಸಂಸ್ಕೃತದಲ್ಲಿ ವಿಷ್ಣುಸ್ತುತಿ. ಮುಂದೆ ಸಂಸ್ಕೃತಪದಗಳು ತುಂಬಿದ ಕನ್ನಡ. ಅಷ್ಟರಿಂದ ಕನ್ನಡನಾಡು ಯಾರ ವಸಾಹತೂ ಆಗಲಿಲ್ಲ. ತ್ರಾ ಕಿಯುವಿಗೆ ಸಮೀಪದ ದೋಂಗ್ ಯೆನ್ ಚೌ ಎಂಬಲ್ಲಿ ಸಿಕ್ಕಿದ ಚಿಕ್ಕದೊಂದು ಶಾಸನವಿದೆ. ಸುಮಾರು ನಾಲ್ಕನೆಯ ಶತಮಾನದ್ದೆಂದು ಎಣಿಸಿರುವ ಅದು ಚಾಮ್ ಭಾಷೆಯ ಅತಿ ಪ್ರಾಚೀನ ಬರಹ. ಅದರಲ್ಲಿಯೂ ಸಂಸ್ಕೃತದ ಪದಗಳು ಸೇರಿರುವುವು. ವಾಕ್ಯದ ಎಲುಬು ಮಾತ್ರ ಚಾಮ್ ನುಡಿಯದು. ಅದರ ವಿಷಯ, ರಾಜನ ನಾಗನಿಗೆ ಮರ್ಯಾದೆ ಸಲ್ಲಿಸಬೇಕೆಂಬುದು. ಊರೂರಿಗೆ ನಾಗರಕಲ್ಲನ್ನು ನಿಲ್ಲಿಸಿದ ನಮಗೆ ಇದು ದೂರದ ಮಾತೆ? ಅವರು ನಮ್ಮ ಶಿಷ್ಯರಲ್ಲ. ಒಂದೇ ಮಠದಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕುಳಿತು ಓದಿದ ಸಹಪಾಠಿಗಳು.

ಫಾನ್ ರಾಂಗಿನಿಂದ ಸ್ವಲ್ಪ ದೂರದ ಬೌ ತ್ರುಕ್ ಎಂಬ ಹಳ್ಳಿಯನ್ನು ನಮ್ಮ ಸೋದರಿಯರು ತಪ್ಪದೆ ನೋಡಬೇಕು. ಅಲ್ಲಿ ಮಡಕೆ ಮಾಡುವವರು ಹೆಂಗಸರು. ಅವರಿಗೆ ಕುಂಬಾರನ ತಿಗರಿಯೇ ಇಲ್ಲ. ಮಣ್ಣಿನ ಮುದ್ದೆಯನ್ನು ಎತ್ತರದ ಪೀಠದ ಮೇಲಿಟ್ಟು, ತಾವೇ ಅದರ ಸುತ್ತ ಹಿಂದು ಹಿಂದಾಗಿ ನಡೆಯುತ್ತ ಕೈಯಿಂದ ರೂಪ ಕೊಡುವರು. ನಮ್ಮಲ್ಲಿ ಮಡಕೆ ಸುತ್ತುವುದು, ಅಲ್ಲಿ ಮಾಡುವವಳೇ ಸುತ್ತುವಳು. ಆವಿಗೆಯೂ ಇಲ್ಲ; ಬಯಲಿನಲ್ಲಿ ಹುಲ್ಲು ಸೌದೆ ಒಟ್ಟಿ ಸುಡುವರು. ಬೆಂಕಿಯೂ ಗಾಳಿಯೂ ತೋರಿದಂತೆ ಒಂದೊಂದು ಪಾತ್ರೆಗೆ ಒಂದೊಂದು ಬಣ್ಣ. ವಿದ್ಯೆಯು ತಾಯಿಯಿಂದ ಮಗಳಿಗೆ ಬರತಕ್ಕುದು. 2022ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಕೂಡಲೇ ರಕ್ಷಿಸಬೇಕಾದ ಕಲೆಗಳ ಪಟ್ಟಿಯಲ್ಲಿ ಸೇರಿಸಿತು. ಎಂದರೆ ಕಲಿಯುವ ಮಕ್ಕಳು ಕಡಮೆಯಾಗಿರುವರೆಂದು ಅರ್ಥ. ಅಲ್ಲಿ ಒಂದು ಹೂಜಿಯನ್ನು ಕೊಂಡರೆ ಚೌಕಾಶಿ ಮಾಡದಿರುವುದು ಒಳ್ಳೆಯದು.

ಮನೆಗೆ ಒಡತಿಯೂ ಅಲ್ಲಿ ಹೆಂಗಸೇ. ಗಂಡನು ಹೆಂಡತಿಯ ಮನೆಗೆ ಬರುವನು. ಕುಲವು ತಾಯಿಯ ಕಡೆಯಿಂದ. ಹಿರಿಯರ ಮನೆಯು ಕಿರಿಯ ಮಗಳಿಗೆ. ನಮ್ಮ ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಸಂಗತಿ. ಇಲ್ಲಿಯ ಚಾಮರಲ್ಲಿ ಹಳೆಯ ದೇವರುಗಳನ್ನು ಪೂಜಿಸುವ ಅಹಿಯೆರ್ ಎಂಬವರೂ, ಇಸ್ಲಾಮನ್ನು ತಮ್ಮದೇ ರೀತಿಯಲ್ಲಿ ಅನುಸರಿಸುವ ಬಾನಿ ಎಂಬವರೂ ಇರುವರು. ಮೊದಲನೆಯವರು ಗೋಮಾಂಸವನ್ನು ಮುಟ್ಟರು, ಎರಡನೆಯವರು ಹಂದಿಯ ಮಾಂಸವನ್ನು ಮುಟ್ಟರು. ಒಂದಿಲ್ಲದೆ ಇನ್ನೊಂದಿಲ್ಲವೆಂಬ ಜೋಡಿಯಂತೆ ಇಬ್ಬರೂ ಒಬ್ಬರನ್ನೊಬ್ಬರು ಭಾವಿಸುವರು.

ಉತ್ತರಕ್ಕೆ ನೂರು ಕಿಲೋಮೀಟರು ಹೋದರೆ ನ್ಯಾ ತ್ರಾಂಗ್. ಇದು ಸಮುದ್ರಸ್ನಾನದವರಿಗೆ ಚೆನ್ನಾಗಿ ಗೊತ್ತಿರುವ ಊರು. ಆದರೆ ಅವರು ಮರಳನ್ನು ಬಿಟ್ಟು ಮೇಲೆ ಹತ್ತುವುದು ಕಡಮೆ. ನದಿಯ ಮಗ್ಗುಲಿನ ದಿಬ್ಬದ ಮೇಲೆ ಪೋ ನಗರ್, ಎಂದರೆ ನಾಡಿನ ಒಡತಿಯ ಗೋಪುರಗಳಿರುವುವು. 774ರಲ್ಲಿ ಹಡಗುಗಳಲ್ಲಿ ಬಂದ ದಾಳಿಕಾರರು ಗುಡಿಯನ್ನು ಸುಟ್ಟು ಮುಖಲಿಂಗವನ್ನು ಒಯ್ದರು. ಸತ್ಯವರ್ಮನು 784ರಲ್ಲಿ ಹೊಸದನ್ನು ಪ್ರತಿಷ್ಠಿಸಿದನು. 918ರಲ್ಲಿ ಇಂದ್ರವರ್ಮನು ಭಗವತಿಯ ಚಿನ್ನದ ವಿಗ್ರಹವನ್ನಿಟ್ಟನು. ಅದನ್ನು ಕಾಂಬೋಜರು ಕದ್ದರು. 965ರಲ್ಲಿ ಮತ್ತೊಬ್ಬ ಅರಸನು ಕಲ್ಲಿನದನ್ನಿಟ್ಟನು. ಇಷ್ಟೆಲ್ಲ ಶಾಸನಗಳಲ್ಲಿಯೇ ಇದೆ. ಅರಸರೂ ಕಳ್ಳರೂ ಹೋದ ಮೇಲೆ ಬಂದ ವಿಯೆಟ್ನಾಮೀಯರು ದೇವಿಯನ್ನು ಹೊರಗೆ ಹಾಕಲಿಲ್ಲ. ಥಿಯೆನ್ ಇ ಆ ನಾ ಎಂಬ ಹೆಸರಿನಿಂದ ತಮ್ಮ ತಾಯಿಯಾಗಿ ಮಾಡಿಕೊಂಡರು. ನಾವು ಹೋದಾಗ ವಿಯೆಟ್ನಾಮೀ ಮುದುಕಿಯರು ಹಣ್ಣಿನ ತಟ್ಟೆಗಳನ್ನು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಪಕ್ಕದ ವೋ ಕಾನ್ಹ್ ಗ್ರಾಮದಲ್ಲಿ ದೊರೆತ ಪುರಾತನ ಶಾಸನವು, ಆಗ್ನೇಯ ಏಷ್ಯದ ಸಂಸ್ಕೃತಶಾಸನಗಳಲ್ಲಿ ಮೊದಲನೆಯದೆಂದು ಹಲವರು ಎಣಿಸುವುದು, ಈಗ ಹನೋಯಿಯ ಸಂಗ್ರಹಾಲಯದಲ್ಲಿರುವುದು.

ಕ್ವೀ ನ್ಯೋನಿನ ಸುತ್ತ ಗೋಪುರಗಳು ಹಲವು ಉಂಟು. ಪೇಟೆಯ ನಡುವೆಯೇ ಜೋಡಿ ಗೋಪುರಗಳಿರುವುವು. ಒಂದು ದಿನ ಸಾಕು. ಇದರ ಹತ್ತಿರದ ವಿಜಯಪುರಿಯು 1471ರಲ್ಲಿ ಲೇ ಥಾನ್ಹ್ ತೋಂಗ್ ಎಂಬ ವಿಯೆಟ್ನಾಂ ದೊರೆಯ ಕೈಗೆ ಬಿದ್ದಿತು. ಆ ಪಾಳನ್ನು ನೋಡಿ ಬೆಳೆದ ಚೇ ಲಾನ್ ವಿಯೆನ್ ಎಂಬ ವಿಯೆಟ್ನಾಮೀ ತರುಣನು 1937ರಲ್ಲಿ, ಇನ್ನೂ ಹದಿನೇಳರ ವಯಸ್ಸಿನಲ್ಲಿ, ಚಂಪಾದ ಅಳಿವಿಗಾಗಿ ಶೋಕಿಸುವ ಒಂದು ಕವನಸಂಗ್ರಹವನ್ನೇ ಪ್ರಕಟಿಸಿದನು. ಗೆದ್ದವರ ಮಗನು ಸೋತವರಿಗಾಗಿ ಅತ್ತುದು ಸಾಹಿತ್ಯದಲ್ಲಿ ಅಪರೂಪ.

ಮೀ ಸೋನ್ ಕಣಿವೆಯ ಶಿವಾಲಯಗಳನ್ನು ಎಲ್ಲ ಕೈಪಿಡಿಗಳೂ ವರ್ಣಿಸಿರುವುದರಿಂದ ಹೆಚ್ಚು ಬರೆಯೆನು. 1969ರಲ್ಲಿ ಅಮೆರಿಕದ ಬಾಂಬುಗಳಿಂದ ಅಲ್ಲಿಯ ಅತಿ ಸುಂದರ ಗೋಪುರ ನೆಲಕ್ಕುರುಳಿತು. ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರು 2017ರಿಂದ 2022ರ ವರೆಗೆ ಅಲ್ಲಿ ಮೂರು ಗುಂಪಿನ ಗುಡಿಗಳನ್ನು ಜೀರ್ಣೋದ್ಧಾರ ಮಾಡಿದರು. 2020ರಲ್ಲಿ ಮಣ್ಣನ್ನು ತೆಗೆಯುವಾಗ ಒಂಬತ್ತನೆಯ ಶತಮಾನದ ಏಕಶಿಲಾಲಿಂಗವೊಂದು ಹೊರಬಂದಿತು. ಅಲ್ಲಿಯ ಏಳನೆಯ ಶತಮಾನದ ಶಾಸನವೊಂದರಲ್ಲಿ ಗಂಗಾರಾಜನೆಂಬ ಅರಸನು, ಬಿಡಲಾಗದ ಸಿಂಹಾಸನವನ್ನು ಬಿಟ್ಟು, ಗಂಗಾದರ್ಶನಕ್ಕಾಗಿ ಹೊರಟುಹೋದನೆಂದಿದೆ. ನಾವು ವಿಮಾನದಲ್ಲಿ ಅತ್ತ ಹೋಗುವುದಕ್ಕೆ ಬಹುಮುಂಚೆಯೇ ಅತ್ತಣಿಂದ ಇತ್ತ ಬಂದ ಯಾತ್ರಿಕನೀತ.

ಇನ್ನು ಆ ತಾಯಿಯ ಪ್ರಯೋಜನಕ್ಕಾಗಿ ಕೆಲವು ಮಾತು. ರೈಲಿನಲ್ಲಿ ಕ್ವೀ ನ್ಯೋನಿಗೆ ಹೋಗುವವರು ದಿಯು ತ್ರೀ ನಿಲ್ದಾಣದಲ್ಲಿಯೇ ಇಳಿದು ಸುಮಾರು ಹತ್ತು ಕಿಲೋಮೀಟರು ಮೋಟಾರಿನಲ್ಲಿ ಹೋಗುವುದು ಸುಲಭ. ಹಳೆಯ ಕೈಪಿಡಿಗಳು ಫಾನ್ ರಾಂಗನ್ನು ನಿನ್ಹ್ ಥುವಾನ್ ಪ್ರಾಂತದಲ್ಲಿ ತೋರಿಸುವುವು. 2025ರ ಜುಲೈ 1ರಿಂದ ಅದು ನ್ಯಾ ತ್ರಾಂಗ್ ಇರುವ ಖಾನ್ಹ್ ಹೋವಾ ಪ್ರಾಂತದಲ್ಲಿ ಸೇರಿರುವುದು. ಸಸ್ಯಾಹಾರಿಗಳು "ಚಾಯ್" ಎಂಬ ಒಂದು ಪದವನ್ನು ಕಲಿತರೆ ಬದುಕಬಹುದು. ಬೌದ್ಧರ ಊಟದ ಮನೆಗಳ ಮೇಲೆ ಆ ಪದವಿರುವುದು. ಬೇರೆ ಕಡೆ ಬರಿಯ ತರಕಾರಿಯೆಂದರೂ ಮೀನಿನ ರಸ ಬೆರೆತೇ ಬರುವುದು. ಗುಡಿಯೊಳಗೆ ಹೋಗುವಾಗ ತೋಳು ಮೊಣಕಾಲು ಮುಚ್ಚಿರಲಿ. ಪೂಜೆಯ ಚಿತ್ರ ತೆಗೆಯುವ ಮೊದಲು ಅರ್ಚಕರನ್ನು ಕೇಳಬೇಕು. ಮಂತ್ರ ಹೇಳಬೇಕೆನಿಸಿದರೆ ಮನಸ್ಸಿನಲ್ಲಿಯೇ ಹೇಳಿಕೊಳ್ಳಿರಿ. ಅಲ್ಲಿ ಹಾಡತಕ್ಕವರು ಬೇರೆ ಇರುವರು.